ಸಾಫ್ಟ್‌ವೇರ್ ಬಿಸಿನೆಸ್ ಕೊಳ್ಳುವ ಮೊದಲು ಮಾಲೀಕರ ಫೋನ್ ಪಕ್ಕ ಕೂತುಕೊಳ್ಳಿ

ಮೆಡಿಕಲ್ ಶಾಪ್‌ಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಕೊಡುವ ಒಂದು ಸಣ್ಣ ಬಿಸಿನೆಸ್ಸನ್ನು ನಾನು ದಾವಣಗೆರೆಯಲ್ಲಿ ಕೊಂಡುಕೊಂಡೆ. ಅವತ್ತಿನಿಂದ ಬೆಂಗಳೂರಿನ ಹಳೆಯ ಸಹೋದ್ಯೋಗಿಗಳು ಒಂದೇ ಥರದ ಪ್ರಶ್ನೆ ಕೇಳುತ್ತಿರುತ್ತಾರೆ. "ನಮ್ಮೂರಲ್ಲಿ ಒಬ್ಬರು ತಮ್ಮ ಸಾಫ್ಟ್‌ವೇರ್ ಮಾರ್ತಾರಂತೆ. ಹಳೇ ಕಸ್ಟಮರ್‌ಗಳಿದ್ದಾರೆ, ವರ್ಷ ವರ್ಷ ಎಎಂಸಿ ಬರುತ್ತೆ. ತಗೊಳ್ಳಬಹುದಾ?" ಎಎಂಸಿ ಅಂದರೆ ಸಪೋರ್ಟಿಗೂ ಅಪ್‌ಡೇಟ್‌ಗೂ ಕಸ್ಟಮರ್‌ಗಳು ವರ್ಷಕ್ಕೊಮ್ಮೆ ಕಟ್ಟುವ ದುಡ್ಡು.

ತಗೊಳ್ಳಬಹುದು. ಇದು ಒಳ್ಳೆಯ ಕೆಲಸ ಅಂತಲೇ ನಾನು ನಂಬಿದ್ದೇನೆ. ಆದರೆ ಮಾಲೀಕರು ಎದ್ದು ಹೋದ ಮೇಲೂ ಆ ದುಡ್ಡು ಬರುತ್ತಾ, ಎಷ್ಟು ಬರುತ್ತೆ ಅನ್ನುವುದನ್ನು ಮೊದಲು ಕಂಡುಕೊಳ್ಳಬೇಕು. ಉಳಿದ ಎಲ್ಲ ಲೆಕ್ಕವೂ ಆ ಒಂದು ಪ್ರಶ್ನೆಯ ಹಿಂದೆ ಬರುತ್ತದೆ.

ಅಪ್ಪನದು ರಾಣೆಬೆನ್ನೂರಿನಲ್ಲಿ ಮೆಡಿಕಲ್ ಶಾಪ್. ಕೌಂಟರ್ ಹಿಂದೆ ಬೆಳೆದವಳು ನಾನು. ಆಮೇಲೆ ಬೆಂಗಳೂರಿನಲ್ಲಿ ಬಹಳ ವರ್ಷ ಡೇಟಾಬೇಸ್ ಕೆಲಸ ಮಾಡಿದೆ. ಎರಡೂ ಕಡೆಯ ಪರಿಚಯ ಇದ್ದದ್ದರಿಂದ ಈ ಬಿಸಿನೆಸ್ ನನ್ನ ಕಣ್ಣಿಗೆ ಬಿತ್ತು. ನಮ್ಮ ಕಡೆ ಪ್ರತಿ ಊರಿನಲ್ಲೂ ಇಂಥದ್ದು ಒಂದೆರಡು ಇರುತ್ತವೆ. ಮೆಡಿಕಲ್, ಅಡಿಕೆ ಮಂಡಿ, ಬಂಗಾರದಂಗಡಿ, ಚಿಟ್ ಫಂಡ್, ಸೌಹಾರ್ದ ಸೊಸೈಟಿ, ಹೀಗೆ ಒಂದೊಂದು ದಂಧೆಗೆ ಒಬ್ಬೊಬ್ಬರು ಸಾಫ್ಟ್‌ವೇರ್ ಬರೆದವರು. ಇವರಲ್ಲಿ ಹಲವರು ಬಳಸಿದ ಪ್ರೋಗ್ರಾಮಿಂಗ್ ಭಾಷೆ ವಿಷುಯಲ್ ಬೇಸಿಕ್ 6 (ವಿಬಿ6) ಬಂದದ್ದು 1998ರಲ್ಲಿ. ಅದರಲ್ಲಿ ಶುರು ಮಾಡಿದವರಿಗೆ ಈಗ ವಯಸ್ಸಾಗುತ್ತಿದೆ. ಮಕ್ಕಳು ಬೇರೆ ಕೆಲಸ ಹಿಡಿದಿದ್ದಾರೆ. ಬಿಸಿನೆಸ್ ಮಾರುವ ಅಕ್ವೈರ್ ಡಾಟ್ ಕಾಮ್, ಫ್ಲಿಪ್ಪಾದಂಥ ವೆಬ್‌ಸೈಟ್‌ಗಳಲ್ಲಿ ಇವನ್ನು ಯಾರೂ ಹಾಕುವುದಿಲ್ಲ. ಆಡಿಟರ್ ಬಾಯಿಂದಲೋ ಕಂಪ್ಯೂಟರ್ ಅಂಗಡಿಯವರಿಂದಲೋ ಸುದ್ದಿ ಗೊತ್ತಾಗುತ್ತದೆ. ಕೆನಡಾದ ಕಾನ್ಸ್ಟಲೇಷನ್ ಸಾಫ್ಟ್‌ವೇರ್ 1995ರಿಂದ ಮಾಡುತ್ತಿರುವುದು ಇದನ್ನೇ, ದೊಡ್ಡ ಪ್ರಮಾಣದಲ್ಲಿ. ಒಂದೊಂದೇ ದಂಧೆಗೆ ಅಂತ ಇರುವ ಸಣ್ಣ ಸಾಫ್ಟ್‌ವೇರ್ ಕಂಪನಿಗಳನ್ನು ಕೊಂಡು, ಮಾರದೆ ಇಟ್ಟುಕೊಂಡು ನಡೆಸುತ್ತಾರೆ. ಹಾಗಾಗಿ ಇದನ್ನು ಚಿಲ್ಲರೆ ವ್ಯವಹಾರ ಅಂದುಕೊಳ್ಳಬೇಡಿ.

ಮಾರುವವರು ನಿಮಗೆ ಮೊದಲು ಡೆಮೊ ತೋರಿಸುತ್ತಾರೆ, ಆಮೇಲೆ ಬ್ಯಾಲೆನ್ಸ್ ಶೀಟ್. ನಾನು ಕೇಳಿದ್ದು ಬೇರೆ. ತಿಂಗಳ 8ರಿಂದ 11ರವರೆಗೆ ನಿಮ್ಮ ಪಕ್ಕ ಕೂತುಕೊಳ್ಳುತ್ತೇನೆ, ಫೋನ್ ಸ್ಪೀಕರ್‌ಗೆ ಹಾಕಿ ಅಂದೆ. ಹಿಂದಿನ ತಿಂಗಳ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1 ರಿಟರ್ನ್ ಸಲ್ಲಿಸುವ ಕೊನೆಯ ದಿನ 11. ಅಂಗಡಿಯವರ ಸಮಸ್ಯೆಗಳೆಲ್ಲ ಹೊರಗೆ ಬರುವುದು ಆಗಲೇ.

ಅಲ್ಲಿ ಕೇಳಿಸಿದ್ದನ್ನು ಸ್ವಲ್ಪ ಹೇಳುತ್ತೇನೆ. ಪ್ರಿಂಟರ್ ಕೆಲಸ ಮಾಡ್ತಿಲ್ಲ ಅನ್ನುವವರು ಬಹಳ ಜನ. ಡಿಸ್ಟ್ರಿಬ್ಯೂಟರ್ ಕಳಿಸಿದ ಪರ್ಚೇಸ್ ಫೈಲ್ ಒಳಗೆ ಹೋಗ್ತಿಲ್ಲ ಅನ್ನುವವರು ಕೆಲವರು. ಹತ್ತಕ್ಕೆ ಒಂದು ಫ್ರೀ ಬಂದ ಸ್ಟ್ರಿಪ್‌ಗಳನ್ನು ಎಕ್ಸ್‌ಪೈರಿ ರಿಟರ್ನ್ ಮಾಡುವಾಗ ರೇಟು ಯಾವುದು ಹಾಕಬೇಕು ಅಂತ ಒಬ್ಬರು. ಅರ್ಧ ಸ್ಟ್ರಿಪ್ ಮಾರಿ, ಗಿರಾಕಿ ನಾಲ್ಕು ಮಾತ್ರೆ ವಾಪಸ್ ತಂದರೆ ಸ್ಟಾಕ್ ತಪ್ಪು ತೋರಿಸ್ತಿದೆ ಅಂತ ಇನ್ನೊಬ್ಬರು. ಆಗಲೇ ಹರಿಹರದಿಂದ ಒಂದು ಫೋನ್. ದನಿ ತಗ್ಗಿಸಿ ಮಾತಾಡುತ್ತಿದ್ದರು. "ಸರ್, ಡ್ರಗ್ ಇನ್‌ಸ್ಪೆಕ್ಟರ್ ಬಂದು ಕೂತಿದ್ದಾರೆ. ಎಚ್1 ರಿಜಿಸ್ಟರ್ ಕೇಳ್ತಿದ್ದಾರೆ, ಪ್ರಿಂಟ್ ಎಲ್ಲಿಂದ ತೆಗೀಲಿ?" 2014ರಿಂದ ಎಚ್1 ಪಟ್ಟಿಯ ಔಷಧಿ (ಕೆಲವು ಆ್ಯಂಟಿಬಯೋಟಿಕ್, ಟಿಬಿ ಔಷಧಿ, ಚಟ ಹಿಡಿಸುವಂಥವು) ಮಾರಿದರೆ ವೈದ್ಯರ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟಿದ್ದು ಅಂತ ಬೇರೆಯೇ ರಿಜಿಸ್ಟರ್ ಇಡಬೇಕು. ಮೂರು ವರ್ಷ ಉಳಿಸಿಕೊಳ್ಳಬೇಕು. ಹಳೆಯ ಮಾಲೀಕರು ಕಂಪ್ಯೂಟರ್ ಕಡೆ ತಿರುಗಿಯೂ ನೋಡಲಿಲ್ಲ. "ರಿಪೋರ್ಟ್‌ಗೆ ಹೋಗಿ, ಎಫ್6 ಒತ್ತಿ, ತಾರೀಖು ಹಾಕಿ. ಕೊನೇ ಕಾಲಂ ಕತ್ತರಿಸಿ ಹೋದ್ರೆ ಪೇಪರ್ ಅಡ್ಡ ಮಾಡಿ" ಅಂದರು. ಒಂದೇ ನಿಮಿಷ. ಆ ಅಂಗಡಿಯವರು ವರ್ಷಕ್ಕೊಮ್ಮೆ ದುಡ್ಡು ಕೊಡುವುದು ಈ ಒಂದು ನಿಮಿಷಕ್ಕೆ ಅನ್ನುವುದು ನನಗೆ ಅಲ್ಲಿ ಸ್ಪಷ್ಟವಾಯಿತು.

ನಾನು ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಹಾಕಿಕೊಂಡಿದ್ದೆ. ಕೋಡ್ ಒಂದು ಸಲ ಸರಿ ಮಾಡಿದರೆ ಮತ್ತೆ ಬಾರದ ಫೋನ್‌ಗಳು ಮೊದಲನೆಯದು. ಹುಡುಗರಿಗೆ ಹೇಳಿಕೊಟ್ಟರೆ ನಿಭಾಯಿಸಬಹುದಾದವು ಎರಡನೆಯದು. ಈ ಮನುಷ್ಯರೊಬ್ಬರಿಗೇ ಉತ್ತರ ಗೊತ್ತಿರುವವು ಮೂರನೆಯದು. ಮೊದಲನೆಯದು ತುಂಬಿದ್ದರೆ ಖುಷಿ ಪಡಿ. ಅಷ್ಟು ಕೆಲಸ ಉಳಿಸುವ ದಾರಿ ನಿಮ್ಮ ಕೈಯಲ್ಲೇ ಇದೆ. ಮೂರನೆಯದು ಉದ್ದ ಇದ್ದರೆ ಅವರು ನಿಮ್ಮ ಜೊತೆ ಅಷ್ಟು ಜಾಸ್ತಿ ದಿನ ಇರಬೇಕು, ಬೆಲೆಯೂ ಅಷ್ಟು ಇಳಿಯಬೇಕು.

ಇನ್ನೊಂದು, ಆ ಫೋನ್ ನಂಬರ್. ಅದು ಅವರ ಸ್ವಂತ ಮೊಬೈಲ್ ನಂಬರ್. ಅಂಗಡಿಗಳ ಗೋಡೆ ಮೇಲೆ, ಮಾನಿಟರ್ ಅಂಚಿನಲ್ಲಿ, ಬಿಲ್ ಬುಕ್ಕಿನ ಹಿಂದೆ, ಎಲ್ಲ ಕಡೆ ಅದೇ ನಂಬರ್ ಬರೆದಿದೆ. ವಾಟ್ಸಾಪ್ ಗ್ರೂಪ್ ಅದರಲ್ಲೇ. ಅವರ ಬ್ಯಾಂಕ್ ಓಟಿಪಿ, ಆಧಾರ್, ಮನೆಯ ಗ್ಯಾಸ್ ಬುಕಿಂಗ್ ಎಲ್ಲವೂ ಅದರಲ್ಲೇ! ನಂಬರ್ ಬಿಟ್ಟುಕೊಡುವ ಮಾತು ಬಂದಾಗ ಅವರಿಗೆ ಬೆಲೆಯ ಮಾತಿಗಿಂತ ಅದೇ ಕಷ್ಟವಾಯಿತು. ನಾನು ಹಠ ಹಿಡಿದೆ. ಸಿಮ್ ನನ್ನ ಹೆಸರಿಗೆ ಆಗುವುದನ್ನು ಒಪ್ಪಂದದಲ್ಲೇ ಬರೆಸಿದೆವು. ಅದಕ್ಕೆ ಮುಂಚೆ ಬ್ಯಾಂಕು, ಆಧಾರ್ ಎಲ್ಲಕ್ಕೂ ಬೇರೆ ನಂಬರ್ ಕೊಡಿಸಲು ಅವರ ಜೊತೆ ಓಡಾಡಿದೆ. ವೆಬ್‌ಸೈಟ್ ಹೆಸರು, ಲೋಗೋ ಬಗ್ಗೆ ವಕೀಲರು ತಾವಾಗಿಯೇ ಕೇಳುತ್ತಾರೆ. ಫೋನ್ ನಂಬರ್ ಬಗ್ಗೆ ನೀವೇ ನೆನಪಿಸಬೇಕು.

ಸಾಫ್ಟ್‌ವೇರ್ ಗಟ್ಟಿಯಿದೆಯಾ ಅಂತ ತಿಳಿಯಲು ಮೆಡಿಕಲ್ ಲೈನ್‌ನಲ್ಲಿ ಈಗ ಒಂದು ಒಳ್ಳೆಯ ಪರೀಕ್ಷೆ ಇದೆ. 2025ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ದರ ಬದಲಾಯಿತಲ್ಲ, ಅವತ್ತು ಏನು ಮಾಡಿದಿರಿ ಅಂತ ಕೇಳಿ. ಬಹುತೇಕ ಔಷಧಿಗಳು ಶೇ. 12ರಿಂದ ಶೇ. 5ಕ್ಕೆ ಇಳಿದವು. ಶೇ. 12ರಲ್ಲಿದ್ದ 33 ಜೀವರಕ್ಷಕ ಔಷಧಿಗಳಿಗೆ ತೆರಿಗೆಯೇ ಹೋಯಿತು. ಅಂಗಡಿಯ ಕಪಾಟಿನಲ್ಲಿದ್ದ ಸ್ಟ್ರಿಪ್ ಮೇಲೆ ಹಳೆಯ ಎಂಆರ್‌ಪಿ 112 ರೂಪಾಯಿ ಅಂತ ಮುದ್ರಣ ಆಗಿದೆ. ಬಿಲ್ 105ಕ್ಕೆ ಆಗಬೇಕು. ಹೊಸ ದರ ಪಟ್ಟಿಯಂತೆ ಮಾರಿದರೆ ಸಾಕು, ಹಳೆಯ ಸ್ಟಾಕ್ ವಾಪಸ್ ತರಿಸಿ ಲೇಬಲ್ ಬದಲಿಸಬೇಕಿಲ್ಲ ಅಂತ ಔಷಧಿ ಬೆಲೆ ನೋಡಿಕೊಳ್ಳುವ ಕೇಂದ್ರದ ಪ್ರಾಧಿಕಾರ ಎನ್‌ಪಿಪಿಎ ಹೇಳಿತ್ತು. ಅಂದರೆ ಸಾಫ್ಟ್‌ವೇರ್ ಒಳಗೆ ಪ್ರತಿ ಬ್ಯಾಚ್‌ಗೂ ಮುದ್ರಿತ ಬೆಲೆ ಒಂದು, ಮಾರುವ ಗರಿಷ್ಠ ಬೆಲೆ ಇನ್ನೊಂದು ಇರಬೇಕಾಯಿತು. ಕೊಂಡದ್ದು ಶೇ. 12ರಲ್ಲಿ, ಮಾರುವುದು ಶೇ. 5ರಲ್ಲಿ. ಹಳೆಯ ಬಿಲ್‌ನ ಔಷಧಿ ವಾಪಸ್ ಬಂದರೆ ಹಳೆಯ ದರದಲ್ಲೇ ಕ್ರೆಡಿಟ್ ನೋಟ್. ಇಷ್ಟನ್ನು 22ರ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಎಲ್ಲರಿಗೂ ತಲುಪಿಸಿದ್ದರೆ ಆ ಮನುಷ್ಯರಿಗೆ ತಮ್ಮ ಕೋಡ್ ಗೊತ್ತಿದೆ ಅಂತ ಅರ್ಥ. ಅಕ್ಟೋಬರ್ ಅರ್ಧದವರೆಗೆ ಎಳೆದಿದ್ದರೆ ಯಾಕೆ ಅಂತ ಕೇಳಿ. ಫೈಲ್‌ಗಳ ತಾರೀಖು ನೋಡಿದರೆ ನಿಜ ಗೊತ್ತಾಗುತ್ತದೆ.

ಇದರ ಹಿಂದೆಯೇ ಒಂದು ಹುಷಾರಿನ ಮಾತಿದೆ. ಅಪ್‌ಡೇಟ್ ಬೇಕಾದರೆ ಎಎಂಸಿ ಕಟ್ಟಬೇಕು ಅಲ್ವಾ? ವರ್ಷಗಟ್ಟಲೆ ಕಟ್ಟದೆ ಇದ್ದವರೂ ಆ ಸೆಪ್ಟೆಂಬರ್‌ನಲ್ಲಿ ಬಂದು ಕಟ್ಟಿದರು. ಹಾಗಾಗಿ 2025-26ರ ಲೆಕ್ಕ ಚೆನ್ನಾಗಿ ಕಾಣುತ್ತದೆ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗಲೂ ಹೀಗೇ ಆಗಿತ್ತು ಅಂತ ಹಳೆಯ ಲೆಡ್ಜರ್ ತೋರಿಸಿತು. ಆ ಒಂದು ವರ್ಷ ಹಿಡಿದು ಬೆಲೆ ಕಟ್ಟಬೇಡಿ. ಮೂರು ವರ್ಷದ ಎಎಂಸಿ ಪಟ್ಟಿ ತೆಗೆದುಕೊಂಡು ಹೆಸರಿಗೆ ಹೆಸರು ತಾಳೆ ನೋಡಿ. ಯಾರು ಪ್ರತಿ ವರ್ಷ ಕಟ್ಟಿದ್ದಾರೋ ಅವರೇ ನಿಮ್ಮ ಕಸ್ಟಮರ್‌ಗಳು. ತಿಂಗಳ ಚಂದಾ ಇರುವ ಆನ್‌ಲೈನ್ ಸಾಫ್ಟ್‌ವೇರ್ ಆದರೆ ಬಿಟ್ಟು ಹೋಗುವವರ ಪ್ರಮಾಣ ನೋಡಿ. ತಿಂಗಳಿಗೆ ಶೇ. 3 ಅಂದರೆ ಕಿವಿಗೆ ಸಣ್ಣದು. ವರ್ಷ ತುಂಬುವಾಗ ನೂರರಲ್ಲಿ 31 ಜನ ಹೋಗಿರುತ್ತಾರೆ.

ಈಗ ಕೋಡ್. ಮಾಲೀಕರು ಪೆನ್‌ಡ್ರೈವ್ ಕೊಟ್ಟು "ಎಲ್ಲಾ ಇದರಲ್ಲಿದೆ" ಅನ್ನುತ್ತಾರೆ. ಒಂದು ಖಾಲಿ ಕಂಪ್ಯೂಟರ್ ತೆಗೆದುಕೊಳ್ಳಿ. ಅದರ ಮೇಲೆ ಅವರ ಎದುರಿಗೇ ಸೋರ್ಸ್‌ನಿಂದ, ಅಂದರೆ ಅವರು ಬರೆದ ಮೂಲ ಕೋಡ್‌ನಿಂದ, ಸಾಫ್ಟ್‌ವೇರ್ ಕಟ್ಟಿಸಿ. ಅದನ್ನು ಅಂಗಡಿಯಲ್ಲಿ ಓಡುತ್ತಿರುವ ಆವೃತ್ತಿಯ ಪಕ್ಕ ಇಟ್ಟು, ಒಂದೇ ಬಿಲ್ ಎರಡರಲ್ಲೂ ಹಾಕಿ ನೋಡಿ. ಇದು ದೊಡ್ಡ ಕೆಲಸ ಅಲ್ಲ, ಆದರೆ ಇದರಲ್ಲಿ ಸಿಕ್ಕಿಬೀಳುವಷ್ಟು ಸಮಸ್ಯೆ ಬೇರೆ ಯಾವುದರಲ್ಲೂ ಸಿಗುವುದಿಲ್ಲ. ಯಾವುದೋ ಹಳೆಯ ಗ್ರಿಡ್ ಕಂಟ್ರೋಲ್‌ನ ಲೈಸೆನ್ಸ್ ಅವರ ಹಳೆಯ ಕಂಪ್ಯೂಟರ್‌ನಲ್ಲಿ ಮಾತ್ರ ಇರುತ್ತದೆ. ರಿಪೋರ್ಟ್ ಫೈಲ್‌ಗಳು ಬೇರೆ ಎಲ್ಲೋ ಇರುತ್ತವೆ. ನಾನು ನೋಡಿದ ಫೋಲ್ಡರ್‌ನಲ್ಲಿ ಊರಿನ ಹೆಸರು, ಅಂಗಡಿಯ ಹೆಸರು ಹಾಕಿದ ಬೇರೆ ಬೇರೆ ಪ್ರತಿಗಳಿದ್ದವು. ಒಬ್ಬರಿಗೆ ಬಿಲ್ ಮೇಲೆ ಡಾಕ್ಟರ್ ಹೆಸರು ಮೇಲೆ ಬೇಕು, ಇನ್ನೊಬ್ಬರಿಗೆ ಕೆಳಗೆ. ಅದಕ್ಕೆ ಇಡೀ ಪ್ರಾಜೆಕ್ಟನ್ನೇ ನಕಲು ಮಾಡಿ ಕೊಟ್ಟಿದ್ದರು. ಒಂದೊಂದು ತೆರಿಗೆ ಬದಲಾವಣೆಯನ್ನೂ ಅಷ್ಟು ಪ್ರತಿಗಳಲ್ಲಿ ಮಾಡಬೇಕು. ಎಷ್ಟು ಪ್ರತಿಗಳಿವೆ ಅನ್ನುವುದು ಬೆಲೆಯ ಮಾತುಕತೆಯಲ್ಲಿ ಮೇಜಿನ ಮೇಲೆ ಇರಬೇಕು.

ವಿಬಿ6 ಅಂತ ಕೇಳಿದ ಕೂಡಲೇ ಐಟಿಯವರು ಮೂಗು ಮುರಿಯುತ್ತಾರೆ. ಅದರ ಡೆವಲಪ್‌ಮೆಂಟ್ ಟೂಲ್‌ಗೆ ಮೈಕ್ರೋಸಾಫ್ಟ್ 2008ರ ಏಪ್ರಿಲ್‌ಗೆ ಬೆಂಬಲ ನಿಲ್ಲಿಸಿದೆ, ನಿಜ. ಇಂಥ ಸಾಫ್ಟ್‌ವೇರ್ ಡೇಟಾ ಇಡುವ ಮೈಕ್ರೋಸಾಫ್ಟ್ ಆಕ್ಸೆಸ್ ಫೈಲ್ 2 ಜಿಬಿ ಮೀರುವಂತಿಲ್ಲ. ದೊಡ್ಡ ಡಿಸ್ಟ್ರಿಬ್ಯೂಟರ್‌ಗಳ ಡೇಟಾ ಅದರ ಹತ್ತಿರ ಬಂದಿದೆಯಾ ಅಂತ ನೋಡಲೇಬೇಕು. ಆದರೆ "ಕೊಂಡು ಹೊಸದಾಗಿ ಬರೆದು ಕ್ಲೌಡ್‌ಗೆ ಹಾಕ್ತೀನಿ" ಅನ್ನುವ ಲೆಕ್ಕದ ಮೇಲೆ ದುಡ್ಡು ಕೊಡಬೇಡಿ ಅಂತ ಕೈಮುಗಿದು ಹೇಳುತ್ತೇನೆ. ಸಂಜೆ ಏಳು ಗಂಟೆಗೆ ಕ್ಲಿನಿಕ್‌ಗಳಿಂದ ಜನ ಬಂದು ಕೌಂಟರ್ ಮುಂದೆ ನಿಂತಿರುವಾಗ ಒಂದು ಮೆಡಿಕಲ್ ಶಾಪ್‌ನಲ್ಲಿ ಹೋಗಿ ನೋಡಿ. ಮಾಲೀಕರು ಚೀಟಿ ನೋಡುತ್ತಾರೆ, ಗಿರಾಕಿಯ ಮುಖ ನೋಡುತ್ತಾರೆ, ಸ್ಕ್ರೀನ್ ನೋಡುವುದೇ ಇಲ್ಲ. ಮೂರು ಅಕ್ಷರ, ಎಂಟರ್, ಸಂಖ್ಯೆ, ಎಂಟರ್, ಮುಂದಿನ ಔಷಧಿ. ಬೆರಳಿಗೆ ದಾರಿ ಗೊತ್ತಿದೆ. ಆ ಬೆರಳಿನ ಅಭ್ಯಾಸದಿಂದಲೇ ಅವರು ಮಾರ್ಗ್, ವ್ಯಾಪಾರ್‌ನಂಥ ದೊಡ್ಡ ಕಂಪನಿಗಳ ಬಿಲ್ಲಿಂಗ್ ಸಾಫ್ಟ್‌ವೇರ್‌ಗೆ ಹೋಗದೆ ಇಲ್ಲಿ ಉಳಿದಿರುವುದು. ನೀವು ಸುಮ್ನೆ ಚಂದದ ಹೊಸ ಸ್ಕ್ರೀನ್ ಕೊಟ್ಟರೆ, ಹೇಗೂ ಹೊಸದು ಕಲಿಯಬೇಕಲ್ಲ ಅಂತ ಅವರು ಬೇರೆ ಕಂಪನಿಯವರದನ್ನೂ ಕರೆಸಿ ನೋಡುತ್ತಾರೆ. ಎರಡು ವರ್ಷ ಇದ್ದಂತೆಯೇ ನಡೆಸಿದರೆ ದುಡ್ಡು ವಾಪಸ್ ಬರುವ ಹಾದಿ ಕಾಣುತ್ತಾ? ಕಂಡರೆ ಮಾತ್ರ ಕೊಳ್ಳಿ.

ಕೋಡ್ ಯಾರದ್ದು ಅನ್ನುವುದು ಇನ್ನೊಂದು ವಿಷಯ. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಸಾಹಿತ್ಯ ಕೃತಿಯ ಲೆಕ್ಕಕ್ಕೆ ಬರುತ್ತದೆ. ಸಂಬಳದ ನೌಕರರು ಕೆಲಸದ ಭಾಗವಾಗಿ ಬರೆದದ್ದು, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಲೀಕರದ್ದು. ಆದರೆ ಹೊರಗಿನವರೊಬ್ಬರಿಗೆ ದುಡ್ಡು ಕೊಟ್ಟು ಬರೆಸಿದ್ದರೆ ಬರೆದವರದ್ದೇ ಆಗಿ ಉಳಿಯಬಹುದು. ಹತ್ತು ವರ್ಷದ ಹಿಂದೆ ಮೊಬೈಲ್ ಆ್ಯಪ್ ಮಾಡಿಕೊಟ್ಟ ಹುಡುಗ, ಜಗಳವಾಡಿ ಬಿಟ್ಟು ಹೋದ ಪಾರ್ಟ್‌ನರ್, ಇವರ ಸಹಿ ಎಲ್ಲಿದೆ ಅಂತ ಕೇಳಿ. ನಿಮ್ಮ ಹೆಸರಿಗೆ ಬರೆಸಿಕೊಳ್ಳುವಾಗಲೂ ಒಂದು ಸೂಕ್ಷ್ಮ ಇದೆ. ಹಕ್ಕು ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಇರಬೇಕು. ಅವಧಿ ಬರೆಯದಿದ್ದರೆ ಕಾಯ್ದೆ ಅದನ್ನು ಐದು ವರ್ಷಕ್ಕೆ ಮಾತ್ರ ಅಂತ ಎಣಿಸುತ್ತದೆ. ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. "ಸಾಫ್ಟ್‌ವೇರ್ ಮಾರಿದ್ದೇನೆ" ಅನ್ನುವ ಒಂದು ಸಾಲಿನ ಕಾಗದ ಸಾಕಾಗುವುದಿಲ್ಲ. ಕಾಪಿರೈಟ್‌ನ ಪೂರ್ತಿ ಅವಧಿಗೆ, ಇಡೀ ಜಗತ್ತಿಗೆ ಅಂತ ಬಿಡಿಸಿ ಬರೆಸಿ.

ಲಾಭದ ಲೆಕ್ಕ ಒಂದನ್ನು ಉದಾಹರಣೆಗೆ ಹಾಕೋಣ. 200 ಅಂಗಡಿ, ತಲಾ 6,000 ರೂಪಾಯಿ ಎಎಂಸಿ. ವರ್ಷಕ್ಕೆ 12 ಲಕ್ಷ. ಇಬ್ಬರು ಸಪೋರ್ಟ್ ಹುಡುಗರಿಗೆ ತಿಂಗಳಿಗೆ 20 ಸಾವಿರದಂತೆ 4.8 ಲಕ್ಷ. ಬಾಡಿಗೆ, ಕರೆಂಟು, ಪೆಟ್ರೋಲ್ 1 ಲಕ್ಷ. "6.2 ಲಕ್ಷ ಉಳಿಯುತ್ತೆ, ಅದರ ಮೂರು ಪಟ್ಟು ಕೊಡಿ" ಅನ್ನುತ್ತಾರೆ. ಆದರೆ ಕೋಡ್ ಬರೆಯುವವರು, ರಾತ್ರಿ ಫೋನ್ ಎತ್ತುವವರು ಅವರೇ, ಸಂಬಳ ಇಲ್ಲದೆ. ಆ ಜಾಗಕ್ಕೆ ತಿಂಗಳಿಗೆ 50 ಸಾವಿರಕ್ಕೆ ಒಬ್ಬರನ್ನು ಇಟ್ಟರೆ ಉಳಿಯುವುದು 20 ಸಾವಿರ, ವರ್ಷಕ್ಕೆ! ಆ ಕೆಲಸ ನೀವೇ ಮಾಡುತ್ತೀರಿ ಅಂದರೆ ಸರಿ. ನಾನು ಹಾಗೇ ಮಾಡುತ್ತಿದ್ದೇನೆ, ಇಷ್ಟಪಟ್ಟೇ ಮಾಡುತ್ತಿದ್ದೇನೆ. ಬೆಂಗಳೂರಿನ ಕೆಲಸ ಬಿಡದೆ, ಸೈಡಿನಲ್ಲಿ ನಡೆಯಲಿ ಅಂತ ಕೊಳ್ಳುವವರಿಗೆ ಮಾತ್ರ ಈ ಲೆಕ್ಕ ಕೈಕೊಡುತ್ತದೆ.

ಎಎಂಸಿ ಏಪ್ರಿಲ್‌ನಲ್ಲೇ ವಸೂಲಾಗಿ, ನೀವು ಅಕ್ಟೋಬರ್‌ನಲ್ಲಿ ಕೊಂಡರೆ ದುಡ್ಡು ಅವರ ಜೇಬಿನಲ್ಲಿ, ಆರು ತಿಂಗಳ ಸೇವೆ ನಿಮ್ಮ ತಲೆ ಮೇಲೆ. ಮೇಲಿನ ಉದಾಹರಣೆಯ 12 ಲಕ್ಷದಲ್ಲಿ ಅರ್ಧ, ಪೂರ್ತಿ 6 ಲಕ್ಷ ಕಳೆಯಿರಿ ಅಂದರೆ ಯಾರೂ ಒಪ್ಪುವುದಿಲ್ಲ. ಆ ಆರು ತಿಂಗಳ ಸಂಬಳ, ಬಾಡಿಗೆಯನ್ನಾದರೂ ಬೆಲೆಯಲ್ಲಿ ಇಳಿಸಿಕೊಳ್ಳಿ. "ಲೆಕ್ಕದಲ್ಲಿ ತೋರಿಸದ ಕ್ಯಾಶ್ ಇನ್ನೂ ಇದೆ" ಅನ್ನುವ ಮಾತು ಕೆಲವೊಮ್ಮೆ ಬರುತ್ತದೆ. ಅದಕ್ಕೆ ಒಂದು ರೂಪಾಯಿಯನ್ನೂ ಕೊಡಬೇಡಿ. ಕಾರಣ ಬರೀ ನಂಬಿಕೆಯದ್ದಲ್ಲ. ಜಿಎಸ್‌ಟಿ ಕಾಯ್ದೆಯ 85ನೇ ಸೆಕ್ಷನ್ ಪ್ರಕಾರ, ವರ್ಗಾವಣೆಯ ದಿನದವರೆಗಿನ ತೆರಿಗೆ, ಬಡ್ಡಿ, ದಂಡಕ್ಕೆ ಮಾರಿದವರ ಜೊತೆ ಕೊಂಡವರೂ ಹೊಣೆ. ಆ ಬಾಕಿ ಆಮೇಲೆ ಪತ್ತೆಯಾದರೂ ಅಷ್ಟೇ. ಅವರ ರಿಟರ್ನ್, ಬ್ಯಾಂಕ್ ಸ್ಟೇಟ್‌ಮೆಂಟ್, 26ಎಎಸ್ (ಆದಾಯ ತೆರಿಗೆ ಇಲಾಖೆಯ ಟಿಡಿಎಸ್ ಪಟ್ಟಿ) ಮೂರನ್ನೂ ಪಕ್ಕಪಕ್ಕ ಇಟ್ಟು ನೋಡುವ ಆಡಿಟರ್ ನಿಮ್ಮವರಾಗಿರಲಿ. ನಡೆಯುತ್ತಿರುವ ಬಿಸಿನೆಸ್ಸನ್ನು ಇಡಿಯಾಗಿ ವರ್ಗಾಯಿಸಿದರೆ ಆ ವರ್ಗಾವಣೆಗೆ ಜಿಎಸ್‌ಟಿ ವಿನಾಯಿತಿ ಇದೆ. ಬಿಡಿ ಬಿಡಿಯಾಗಿ ಕೊಂಡರೆ ಲೆಕ್ಕ ಬೇರೆ. ಒಪ್ಪಂದ ಬರೆಯುವ ಮೊದಲೇ ಇದನ್ನು ಕೇಳಿಕೊಳ್ಳಿ.

ಆನ್‌ಲೈನ್ ಚಂದಾ ಇರುವ ಬಿಸಿನೆಸ್ ಆದರೆ, ಮತ್ತು ಮಾರುವವರದು ಸ್ವಂತ ಹೆಸರಿನ ಸಂಸ್ಥೆ ಆಗಿದ್ದರೆ, ಆನ್‌ಲೈನ್ ದುಡ್ಡು ವಸೂಲಿ ಮಾಡುವ ಪೇಮೆಂಟ್ ಗೇಟ್‌ವೇ ಖಾತೆ ಅವರ ಪ್ಯಾನ್‌ಗೆ ಕಟ್ಟಿಕೊಂಡಿರುತ್ತದೆ. 2021ರ ಅಕ್ಟೋಬರ್‌ನಿಂದ ಆಟೋಪೇಗೆ ಗ್ರಾಹಕರ ಅನುಮತಿಯ ನಿಯಮ ಬಿಗಿಯಾಗಿದೆ. 2022ರ ಅಕ್ಟೋಬರ್‌ನಿಂದ ವ್ಯಾಪಾರಿಗಳು ಕಾರ್ಡ್ ನಂಬರ್ ಇಟ್ಟುಕೊಳ್ಳುವಂತಿಲ್ಲ. ಹಾಗಾಗಿ ಚಂದಾದಾರರೆಲ್ಲ ನಿಮಗೆ ಹೊಸದಾಗಿ ಅನುಮತಿ ಕೊಡಬೇಕಾಗಬಹುದು. ಆ ಹೊತ್ತಿನಲ್ಲಿ ಒಂದಷ್ಟು ಜನ ಬಿಟ್ಟು ಹೋಗುತ್ತಾರೆ ಅಂತ ಮೊದಲೇ ಲೆಕ್ಕ ಹಿಡಿಯಿರಿ.

ಬ್ಯಾಕಪ್‌ಗಳ ವಿಷಯ ನನಗೆ ಮನಸ್ಸಿಗೆ ಹತ್ತಿರದ್ದು. ರಿಪೇರಿಗೆ ಅಂತ ಅಂಗಡಿಗಳಿಂದ ತಂದ ಡೇಟಾ ಇಂಥವರ ಹಾರ್ಡ್‌ಡಿಸ್ಕ್‌ನಲ್ಲಿ ವರ್ಷಗಳಿಂದ ಬಿದ್ದಿರುತ್ತದೆ. ಅದರೊಳಗೆ ಯಾವ ರೋಗಿ ಯಾವ ಮಾತ್ರೆ ತೆಗೆದುಕೊಂಡರು ಅಂತೆಲ್ಲ ಇದೆ. ನಮ್ಮೂರಂಥ ಕಡೆ ಹೆಸರು ಹೇಳಿದರೆ ಮನೆ ಗೊತ್ತಾಗುತ್ತದೆ. 2023ರಲ್ಲಿ ವೈಯಕ್ತಿಕ ಡೇಟಾ ರಕ್ಷಣೆಗೆ ಕಾಯ್ದೆ ಬಂದಿದೆ, 2025ರ ನವೆಂಬರ್‌ನಲ್ಲಿ ನಿಯಮಗಳೂ ಬಂದಿವೆ. ಕಾಯ್ದೆ ಇಲ್ಲದಿದ್ದರೂ ಅದು ನಮ್ಮ ವಸ್ತುವಲ್ಲ. ಆ ಬ್ಯಾಕಪ್‌ಗಳನ್ನು ನನಗೆ ಕೊಡಬೇಡಿ, ಅಳಿಸಿಬಿಡಿ ಅಂತ ಹೇಳಿ, ಅಳಿಸುವಾಗ ಜೊತೆಗೆ ಕೂತಿದ್ದೆ.

ಇದಕ್ಕೂ ಮೊದಲು ಶಿವಮೊಗ್ಗ ಕಡೆಯ ಒಂದು ಅಡಿಕೆ ಮಂಡಿ ಸಾಫ್ಟ್‌ವೇರ್ ನೋಡಿ ಬಿಟ್ಟಿದ್ದೆ. ಬಹಳ ಚೆನ್ನಾಗಿ ಯೋಚಿಸಿ ಬರೆದದ್ದು. ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಬೇರೆ ಬೇರೆ ತೂಕ, ಮುಂಗಡದ ಬಡ್ಡಿ, ಹಮಾಲಿ ಎಲ್ಲ ಕಳೆದು ರೈತರ ಕೈಗೆ ಕನ್ನಡದಲ್ಲೇ ಪಟ್ಟಿ ಬರುತ್ತಿತ್ತು. ಆದರೆ ಹೆಸರುಗಳೆಲ್ಲ ಡೇಟಾಬೇಸ್‌ನಲ್ಲಿ ಯೂನಿಕೋಡ್‌ಗೆ ಮುಂಚಿನ ನುಡಿ ಫಾಂಟ್‌ನಲ್ಲಿ ಕೂತಿದ್ದವು. ಫಾಂಟ್ ತೆಗೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲು. ಯೂನಿಕೋಡ್‌ಗೆ ತಿರುಗಿಸಬಹುದು, ಆ ಕೆಲಸ ನನಗೆ ಬರುತ್ತದೆ. ಬಿಟ್ಟದ್ದು ಅದಕ್ಕಲ್ಲ. ಆದಾಯದ ಅರ್ಧಕ್ಕಿಂತ ಜಾಸ್ತಿ ಒಂದೇ ಕಡೆಯಿಂದ ಬರುತ್ತಿತ್ತು, ಅವರು ತಮ್ಮದೇ ಸಾಫ್ಟ್‌ವೇರ್ ಮಾಡಿಸುವ ಮಾತಾಡುತ್ತಿದ್ದರು. ಆ ಒಂದು ಗ್ರಾಹಕರು ಹೋದರೆ ಏನೂ ಉಳಿಯುತ್ತಿರಲಿಲ್ಲ.

ಕಸ್ಟಮರ್‌ಗಳ ಹತ್ತಿರ ಹೋದಾಗ "ಸಾಫ್ಟ್‌ವೇರ್ ಹೇಗಿದೆ?" ಅಂತ ಕೇಳಬೇಡಿ. ಚೆನ್ನಾಗಿದೆ ಅಂತಲೇ ಹೇಳುತ್ತಾರೆ. ಕೊನೆಯ ಸಲ ಯಾವಾಗ ಫೋನ್ ಮಾಡಿದ್ರಿ, ಯಾರು ಎತ್ತಿದ್ರು, ಎಷ್ಟು ಹೊತ್ತಿಗೆ ಸರಿಹೋಯ್ತು ಅಂತ ಕೇಳಿ.

ಮಾರಿದವರು ಆರು ತಿಂಗಳು ಬಿಟ್ಟು ಅದೇ ಕೆಲಸ ಮತ್ತೆ ಶುರು ಮಾಡಿದರೆ? 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ, ದುಡಿಯಬೇಡ ಅಂತ ತಡೆಯುವ ಕರಾರು ಸಾಮಾನ್ಯವಾಗಿ ನಿಲ್ಲುವುದಿಲ್ಲ. ಗುಡ್‌ವಿಲ್, ಅಂದರೆ ಬಿಸಿನೆಸ್ ಗಳಿಸಿದ ಹೆಸರು, ವಿಶ್ವಾಸ ಮಾರಿದಾಗ ಮಾತ್ರ ವಿನಾಯಿತಿ. ಅದೂ ಇಂತಿಂಥ ಪ್ರದೇಶ ಅಂತ ಮಿತಿ ಇದ್ದು, ಆ ಮಿತಿ ನ್ಯಾಯವಾಗಿದ್ದರೆ. ಹಾಗಾಗಿ ಒಪ್ಪಂದದಲ್ಲಿ ಗುಡ್‌ವಿಲ್ ಮಾರಾಟ ಅಂತ ಸ್ಪಷ್ಟವಾಗಿ ಇರಲಿ, ಜಿಲ್ಲೆಗಳ ಹೆಸರು ಇರಲಿ. ನಮ್ಮದರಲ್ಲಿ ದಾವಣಗೆರೆ, ಹಾವೇರಿ, ಚಿತ್ರದುರ್ಗ ಅಂತ ಬರೆಸಿದ್ದೇವೆ.

ಕೊನೆಯದು ದುಡ್ಡು ಕೊಡುವ ಸಮಯ. ಒಮ್ಮೆಗೇ ಎಲ್ಲ ಕೊಡಬೇಡಿ. ಎಎಂಸಿ ಏಪ್ರಿಲ್‌ನಲ್ಲಿ ನವೀಕರಣ ಆಗುವ ಬಿಸಿನೆಸ್ ಆದರೆ ಜನವರಿ-ಫೆಬ್ರವರಿಯಲ್ಲಿ ಸಹಿ ಹಾಕಿ. ಆಗ ನವೀಕರಣದ ಫೋನ್‌ಗಳನ್ನು ಹಳೆಯ ಮಾಲೀಕರೂ ನೀವೂ ಒಟ್ಟಿಗೆ ಮಾಡಬಹುದು. "ಇನ್ಮೇಲೆ ಇವರು ನೋಡ್ಕೋತಾರೆ, ನಾನೂ ಇರ್ತೀನಿ" ಅಂತ ಅವರ ಬಾಯಿಂದ ಬಂದರೆ ಅಂಗಡಿಯವರಿಗೆ ಧೈರ್ಯ. ಎರಡನೇ ಕಂತು ಜುಲೈನಲ್ಲಿ ಇಡಿ. ಅಷ್ಟರಲ್ಲಿ ಯಾರು ಕಟ್ಟಿದರು, ಯಾರು ಕಟ್ಟಲಿಲ್ಲ ಅಂತ ಪಟ್ಟಿ ಕೈಗೆ ಬಂದಿರುತ್ತದೆ. ಕಂತಿನ ಮೊತ್ತ ಆ ಪಟ್ಟಿಯ ಮೇಲೆ ನಿಲ್ಲಲಿ. ಈ ಷರತ್ತಿಗೆ ಖುಷಿಯಿಂದ ಒಪ್ಪುವ ಮಾಲೀಕರು ಸಿಕ್ಕರೆ, ಬೆಲೆ ಸ್ವಲ್ಪ ಜಾಸ್ತಿ ಕೇಳಿದರೂ ನಾನಾದರೆ ಕೊಡುತ್ತೇನೆ.